ಎಂಜಿನ್ ಆಫ್ ಆದ ಮೇಲಿನ ಲೆಕ್ಕ

(ಪೀಣ್ಯ ಎರಡನೇ ಹಂತದಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಚಿಕ್ಕಪ್ಪ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ಅವರ ಅಣ್ಣನ ಮಗಳು.)

ಮಗಳು: ಚಿಕ್ಕಪ್ಪ, ಸೋಮವಾರ ಬಂತು ಅಂದ್ರೆ ನನ್ನ ಕಾರು ಸ್ಟಾರ್ಟ್ ಆಗಲ್ಲ. ಈಗಿರೋದು 35 ಎಎಚ್ ಬ್ಯಾಟರಿ. ಆಂಪ್ಲಿಫೈಯರ್ ಹಾಕಿಸಿದ್ದೀನಿ, ಡ್ಯಾಶ್‌ಕ್ಯಾಮ್ ಇದೆ, ಎರಡು ಫಾಗ್ ಲ್ಯಾಂಪ್ ಹಾಕಿಸಬೇಕು ಅಂತಲೂ ಇದೆ. ನಮ್ಮನೆ ಹತ್ತಿರದ ಬ್ಯಾಟರಿ ಅಂಗಡಿಯವರು 65 ಹಾಕಿಸಿಕೊಂಡುಬಿಡಿ, ಆಮೇಲೆ ಯೋಚನೆನೇ ಇರಲ್ಲ ಅಂತಾರೆ. ಹಾಕಿಸಲಾ?

ಚಿಕ್ಕಪ್ಪ: ಅದಕ್ಕೆ ಮುಂಚೆ ಒಂದು ಹೇಳು. ನೀನು ಹಾಕಿಸಿರೋದರಲ್ಲಿ ಎಂಜಿನ್ ಓಡುವಾಗ ಮಾತ್ರ ಕರೆಂಟ್ ತಗೊಳ್ಳೋದು ಯಾವುದು, ಗಾಡಿ ನಿಲ್ಲಿಸಿ ಬೀಗ ಹಾಕಿದ ಮೇಲೂ ತಗೊಳ್ಳೋದು ಯಾವುದು?

ಮಗಳು: ಆಂಪ್ಲಿಫೈಯರ್ ಕೀ ತೆಗೆದರೆ ಆಫ್ ಆಗುತ್ತೆ. ಡ್ಯಾಶ್‌ಕ್ಯಾಮ್ ಮಾತ್ರ ಪಾರ್ಕಿಂಗ್ ಮೋಡಿನಲ್ಲಿ ಇಡೀ ರಾತ್ರಿ ರೆಕಾರ್ಡ್ ಮಾಡುತ್ತೆ. ಆದರೆ ಅದು ಎಷ್ಟು ಸಣ್ಣದು ಚಿಕ್ಕಪ್ಪ, ನಾಲ್ಕು ವ್ಯಾಟ್ ಅಷ್ಟೆ. ಆಂಪ್ಲಿಫೈಯರ್ ಆದರೆ 240 ವ್ಯಾಟು.

ಚಿಕ್ಕಪ್ಪ: ಎಲ್ಲರೂ ವ್ಯಾಟ್ ನೋಡ್ತಾರೆ, ಗಂಟೆ ನೋಡಲ್ಲ. ನಾಲ್ಕು ವ್ಯಾಟ್ ಅಂದರೆ ಒಂದು ಆಂಪೇರಿನ ಮೂರನೇ ಒಂದು ಭಾಗ. ಶುಕ್ರವಾರ ರಾತ್ರಿ ಎಂಟಕ್ಕೆ ನಿಲ್ಲಿಸಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತೆಗೆದರೆ 61 ಗಂಟೆ. ಗುಣಿಸು.

ಮಗಳು: ಇಪ್ಪತ್ತು ಆಂಪೇರ್ ಅವರ್, ಅಂದರೆ ಇಪ್ಪತ್ತು ಎಎಚ್.

ಚಿಕ್ಕಪ್ಪ: ಕಾರಿನ ಗಡಿಯಾರ, ಅಲಾರಾಂ, ಕಂಪ್ಯೂಟರ್ ತಾವಾಗಿಯೇ ಒಂದಿಷ್ಟು ಹೀರುತ್ತಾ ಇರುತ್ತವೆ. ಸರಿಯಾಗಿರೋ ಗಾಡಿಯಲ್ಲಿ ಅದು 50 ಮಿಲಿ ಆಂಪೇರಿನೊಳಗೆ ಇರುತ್ತೆ. ನಿನ್ನದು 30 ಅಂತಿಟ್ಟುಕೊಂಡರೂ ಆ 61 ಗಂಟೆಗೆ ಇನ್ನೆರಡು ಎಎಚ್ ಹೋಯಿತು. ಒಟ್ಟು 22. ಹೊಸ ಬ್ಯಾಟರಿಯಾದರೆ 35ರಲ್ಲಿ 13 ಉಳೀತು. ನಿನ್ನದು ಹಳೆಯದು, ಅದರಲ್ಲಿ 35 ಇರೋದೇ ಅನುಮಾನ. 28 ಇದ್ದರೆ ಹೆಚ್ಚು. ಸೋಮವಾರ ಸೆಲ್ಫ್ ಯಾಕೆ ಹೊಡೆಯಲ್ಲ ಅಂತ ಈಗ ಗೊತ್ತಾಯ್ತಲ್ಲ? ಆಂಪ್ಲಿಫೈಯರ್ ಮೇಲೆ ತಪ್ಪು ಹೊರಿಸಬೇಡ, ಅದು ಎಂಜಿನ್ ಓಡುವಾಗಿನ ಗಿರಾಕಿ. ಅದಕ್ಕೆ ಕರೆಂಟ್ ಕೊಡೋದು ಡೈನಮೋ.

ಮಗಳು: ಆಲ್ಟರ್ನೇಟರ್.

ಚಿಕ್ಕಪ್ಪ: ಅದೇ. ನಮ್ಮ ಸಾಲಿನಲ್ಲಿ ಎಲ್ಲರೂ ಡೈನಮೋ ಅಂತಲೇ ಕರೆಯೋದು. ಎಲೆಕ್ಟ್ರಾನಿಕ್ ಸಿಟಿ ಪಕ್ಕದ ನಾಗನಾಥಪುರದಲ್ಲಿ ಮೈಕೋದವರ ಕಾರ್ಖಾನೆ ಇತ್ತಲ್ಲ, ಆಮೇಲೆ ಬಾಷ್ ಅಂತ ಹೆಸರಾಯ್ತು, ಅಲ್ಲಿ ಸ್ಟಾರ್ಟರ್ ಮೋಟಾರೂ ಆಲ್ಟರ್ನೇಟರೂ ತಯಾರಾಗ್ತಿದ್ದವು. ಆ ವಿಭಾಗವೇ ಈಗ ಎಸ್‌ಇಜಿ ಆಟೊಮೋಟಿವ್ ಅನ್ನೋ ಬೇರೆ ಕಂಪನಿ. ಅದೇ ಹೊಸೂರು ರಸ್ತೆಯಲ್ಲಿ ಅತ್ತಿಬೆಲೆ ದಾಟಿದರೆ ಹೊಸೂರಿನಲ್ಲಿ ಎಕ್ಸೈಡ್ ಬ್ಯಾಟರಿ ಕಾರ್ಖಾನೆ. ಕರೆಂಟ್ ಹುಟ್ಟಿಸೋದು ಒಂದು ಕಡೆ, ಕೂಡಿಡೋದು ಒಂದು ಕಡೆ, ಎರಡೂ ಒಂದೇ ರಸ್ತೆಯಲ್ಲಿ. ಆದರೆ ಗಾಡಿಗೆ ಏನಾದರೂ ಹೊಸದು ಹಾಕಿಸಿದವರೆಲ್ಲ ಬ್ಯಾಟರಿ ಬಗ್ಗೆ ಮಾತ್ರ ಕೇಳ್ತಾರೆ.

ಮಗಳು: ಆದರೂ 65 ಹಾಕಿಸಿದರೆ ಸೋಮವಾರಕ್ಕೆ 43 ಉಳಿಯುತ್ತಲ್ಲ? ನನ್ನ ತೊಂದರೆ ಅಲ್ಲಿಗೆ ಮುಗೀತಲ್ಲ?

ಚಿಕ್ಕಪ್ಪ: ಒಂದು ವಾರ ಮುಂದಕ್ಕೆ ಹೋಗುತ್ತೆ, ಮುಗಿಯಲ್ಲ. ವಾರಕ್ಕೆ ಎಷ್ಟು ದಿನ ಆಫೀಸಿಗೆ ಹೋಗ್ತೀಯ?

ಮಗಳು: ಮೂರು ದಿನ. ಹೋಗೋಕೆ ನಲವತ್ತು ನಿಮಿಷ, ಬರೋಕೆ ನಲವತ್ತು.

ಚಿಕ್ಕಪ್ಪ: ಅಂದರೆ ವಾರಕ್ಕೆ ಎಂಜಿನ್ ಓಡೋದು ನಾಲ್ಕು ಗಂಟೆ. ವಾರದಲ್ಲಿ ಇರೋದು 168 ಗಂಟೆ. ಮಿಕ್ಕ 164 ಗಂಟೆಯೂ ಕ್ಯಾಮೆರಾ ಓಡುತ್ತೆ. ಅದಕ್ಕೆ 55 ಎಎಚ್, ಕಾರಿನ ಸ್ವಂತ ಖರ್ಚಿಗೆ ಇನ್ನೈದು. ಅರವತ್ತು ಹೋಯಿತು. ಬಂದದ್ದೆಷ್ಟು? ಆ ನಾಲ್ಕು ಗಂಟೆಯಲ್ಲಿ ಡೈನಮೋ ಮಿಕ್ಕ ಎಲ್ಲದಕ್ಕೂ ಕೊಟ್ಟು ಬ್ಯಾಟರಿಗೆ ಸರಾಸರಿ ಎಂಟು ಆಂಪೇರ್ ತಳ್ಳಿತು ಅಂತ ಧಾರಾಳವಾಗಿ ಹಿಡಿದರೂ 32. ವಾರಕ್ಕೆ 28 ಸಾಲ. 65ರ ಬ್ಯಾಟರಿ ಮೊದಲ ವಾರದ ಕೊನೆಗೆ ಅರ್ಧಕ್ಕೆ ಬರುತ್ತೆ, ಎರಡನೇ ವಾರದ ಕೊನೆಗೆ ನೆಲ ಕಚ್ಚುತ್ತೆ. ನಿಮ್ಮ ಅಪಾರ್ಟ್‌ಮೆಂಟಿಗೆ ಬರೋದು ದಿನಕ್ಕೆ ಇಷ್ಟೇ ಕಾವೇರಿ ನೀರು ಅಂತಿದ್ದಾಗ ಸಂಪನ್ನು ಎರಡು ಪಟ್ಟು ದೊಡ್ಡದು ಮಾಡಿಸಿದರೆ ನಲ್ಲಿಯಲ್ಲಿ ನೀರು ಹೆಚ್ಚು ಬರುತ್ತಾ?

ಮಗಳು: ಎಂಟು ಆಂಪೇರ್ ಧಾರಾಳ ಅಂದ್ರಿ. ಚಿಕ್ಕ ಕಾರಿನ ಆಲ್ಟರ್ನೇಟರ್ ಮೇಲೂ 70 ಆಂಪೇರ್ ಅಂತ ಬರೆದಿರುತ್ತಲ್ಲ.

ಚಿಕ್ಕಪ್ಪ: ಬರೆದಿರುತ್ತೆ. ಅದು ಎಂಜಿನ್ ಚೆನ್ನಾಗಿ ತಿರುಗುವಾಗ, ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿದ ಮೇಲೆ ಓಡಿಸ್ತೀಯಲ್ಲ, ಆವಾಗ. ಮಾರತಹಳ್ಳಿ ಸೇತುವೆ ಹತ್ತಿರ ನಿಂತಾಗ ಎಂಜಿನ್ ನಿಮಿಷಕ್ಕೆ ಎಂಟುನೂರು ಸುತ್ತು ತಿರುಗ್ತಿರುತ್ತೆ. ಆವಾಗ ಬಿಸಿಯಾದ ಡೈನಮೋ ಕೊಡೋದು ಅರ್ಧ, ಕೆಲವದರಲ್ಲಿ ಅದಕ್ಕಿಂತ ಕಮ್ಮಿ. 35 ಅಂತಿಟ್ಟುಕೋ. ಮಳೆ ಬರ್ತಿದೆ, ಸಂಜೆ ಏಳು ಗಂಟೆ. ಎಂಜಿನ್ನಿನದೇ ಇಗ್ನಿಷನ್, ಪೆಟ್ರೋಲ್ ಪಂಪು ಎಲ್ಲ ಸೇರಿ ಎಂಟು ಒಂಬತ್ತು ಆಂಪೇರ್. ಹೆಡ್‌ಲೈಟ್ ಎರಡು 55 ವ್ಯಾಟ್ ಬಲ್ಬು, ಅದಕ್ಕೆ ಒಂಬತ್ತು. ಎಸಿ ಬ್ಲೋವರ್ ಜೋರಾಗಿ ಇಟ್ಟರೆ ಹತ್ತು ಹನ್ನೆರಡು, ಕಂಪ್ರೆಸರ್ ಕ್ಲಚ್ಚಿಗೆ ಮೂರು ನಾಲ್ಕು. ರೇಡಿಯೇಟರ್ ಫ್ಯಾನ್ ತಿರುಗಿದಾಗೆಲ್ಲ ಇನ್ನೊಂದು ಹತ್ತು. ವೈಪರಿಗೆ ನಾಲ್ಕು. ಬ್ರೇಕ್ ಮೇಲೆ ಕಾಲಿಟ್ಟು ನಿಂತಿದ್ದೀಯ, ಹಿಂದಿನ ಎರಡು ಬಲ್ಬಿಗೆ ಮೂರೂವರೆ. ಕೂಡಿಸಿದರೆ ಐವತ್ತರ ಹತ್ತಿರ. ಡೈನಮೋ ಕೊಡೋದು 35. ಮಿಕ್ಕಿದ್ದನ್ನ ಯಾರು ಕೊಡಬೇಕು? ಬ್ಯಾಟರಿ. ಎಂಜಿನ್ ಓಡ್ತಿರುವಾಗಲೇ ಬ್ಯಾಟರಿ ಖಾಲಿ ಆಗ್ತಿರುತ್ತೆ. ಅದರ ಮೇಲೆ ನೀನು ಹಾಡು ಹಾಕ್ತೀಯ, ಇನ್ನೆರಡು ಫಾಗ್ ಲ್ಯಾಂಪ್ ಹಚ್ಚಬೇಕು ಅಂತೀಯ.

ಮಗಳು: ಅಂದರೆ ಹೊರವರ್ತುಲ ರಸ್ತೆಯಲ್ಲಿ ಒಂದೂವರೆ ಗಂಟೆ ನಿಂತು ಮನೆಗೆ ಬಂದರೆ ಬ್ಯಾಟರಿ ತುಂಬಿರುತ್ತೆ ಅಂತ ನಾನು ಅಂದುಕೊಂಡಿದ್ದು...

ಚಿಕ್ಕಪ್ಪ: ಹೊರಟಾಗ ಇದ್ದದ್ದಕ್ಕಿಂತ ಕಮ್ಮಿಯೇ ಆಗಿರಬಹುದು. ಟಾಮ್‌ಟಾಮ್‌ನವರು 2022ಕ್ಕೆ ಅಳೆದದ್ದರ ಪ್ರಕಾರ ಬೆಂಗಳೂರಿನ ಮಧ್ಯಭಾಗದಲ್ಲಿ ಹತ್ತು ಕಿಲೋಮೀಟರ್ ಹೋಗೋಕೆ ಸರಾಸರಿ 29 ನಿಮಿಷ 10 ಸೆಕೆಂಡು. ಗಂಟೆಗೆ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಗಾಡಿ ತಯಾರಿಸೋರು ಎಷ್ಟು ನಿಂತು ಎಷ್ಟು ಓಡುತ್ತೆ ಅಂತ ಒಂದು ಲೆಕ್ಕ ಇಟ್ಟುಕೊಂಡು ಡೈನಮೋ ಕೂರಿಸ್ತಾರೆ. ನಮ್ಮೂರಿನ ನಿಲ್ಲಾಟ ಆ ಲೆಕ್ಕದ ಕೊನೆಯ ಅಂಚಿನಲ್ಲಿದೆ. ಕಂಪನಿಯಿಂದ ಬಂದಹಾಗೆ ಇಟ್ಟುಕೊಂಡರೆ ಹೇಗೋ ಸರಿದೂಗುತ್ತೆ. ಮೇಲೆ ಹಾಕಿಸಿದ ಒಂದೊಂದಕ್ಕೂ ಎಲ್ಲಿಂದ ಕೊಡೋದು ಅಂತ ನಾವೇ ಯೋಚಿಸಬೇಕು.

ಮಗಳು: ಹಾಗಾದರೆ ಬ್ಯಾಟರಿ ದೊಡ್ಡದು ಹಾಕಿಸೋದು ತಪ್ಪಾ? ದೊಡ್ಡದು ಹಾಕಿದರೆ ಡೈನಮೋ ಸುಟ್ಟುಹೋಗುತ್ತೆ ಅಂತಲೂ ಒಬ್ಬರು ಹೇಳಿದರು.

ಚಿಕ್ಕಪ್ಪ: ಅದೂ ಅರ್ಧ ಸುಳ್ಳು. ನೀನು ಖರ್ಚು ಮಾಡಿದ್ದು ಇಪ್ಪತ್ತು ಎಎಚ್ ಆದರೆ ವಾಪಸ್ ತುಂಬಬೇಕಾದ್ದೂ ಹೆಚ್ಚುಕಮ್ಮಿ ಇಪ್ಪತ್ತೇ, ಪೆಟ್ಟಿಗೆ 35 ಇರಲಿ 45 ಇರಲಿ. ಪೂರ್ತಿ ಡೌನ್ ಆದ ದೊಡ್ಡ ಬ್ಯಾಟರಿಯನ್ನ ಜಂಪ್ ಸ್ಟಾರ್ಟ್ ಮಾಡಿ, ಅದನ್ನ ಡೈನಮೋದಿಂದಲೇ ತುಂಬಿಸ್ತೀನಿ ಅಂತ ಹೊರಟರೆ ಮಾತ್ರ ಡೈನಮೋ ಕಾಯುತ್ತೆ. ಅಂಥದ್ದನ್ನ ಅಂಗಡಿಯಲ್ಲಿಟ್ಟು ರಾತ್ರಿಯೆಲ್ಲ ಚಾರ್ಜ್ ಮಾಡಿಸಬೇಕು. ಎಂಜಿನ್ ನಿಂತ ಮೇಲೆ ನಿಜವಾಗಿ ಕರೆಂಟ್ ಬೇಕಿರೋರಿಗೆ ದೊಡ್ಡ ಬ್ಯಾಟರಿ ನ್ಯಾಯವಾದದ್ದೇ. ಅಂಥವರು ಯಾರು ಅಂತ ನೋಡಬೇಕಿದ್ದರೆ ನಿಮ್ಮ ಆಫೀಸಿನ ಹೊರಗೆ ರಾತ್ರಿ ಎರಡು ಗಂಟೆಗೆ ಬಂದು ನೋಡು.

ಮಗಳು: ಕ್ಯಾಬ್‌ನವರು.

ಚಿಕ್ಕಪ್ಪ: ಹೂಂ. ನನಗೆ ಈ ಕೆಲಸ ಕಲಿಸಿದ್ದೇ ಅವರ ಗಾಡಿಗಳು. ಹನ್ನೊಂದಕ್ಕೆ ಒಂದು ಡ್ರಾಪ್, ಆಮೇಲೆ ಬೆಳಗಿನ ಜಾವ ನಾಲ್ಕೂವರೆಗೆ ಪಿಕಪ್. ಮಧ್ಯೆ ಮನೆಗೆ ಹೋಗಿ ಬರೋಕೆ ಆಗಲ್ಲ. ವೈಟ್‌ಫೀಲ್ಡಿನ ಇಪಿಐಪಿ ಹತ್ತಿರವೋ, ಎಲೆಕ್ಟ್ರಾನಿಕ್ ಸಿಟಿ ಒಂದನೇ ಹಂತದಲ್ಲೋ ಸಾಲಾಗಿ ನಿಲ್ಲಿಸಿಕೊಂಡು ಸೀಟು ಹಿಂದಕ್ಕೆ ಒರಗಿಸಿ ಮಲಗ್ತಾರೆ. ಸೊಳ್ಳೆ ಕಾಟಕ್ಕೆ ಡ್ಯಾಶ್‌ಬೋರ್ಡಿನ ಚಿಕ್ಕ ಫ್ಯಾನ್ ಹಾಕ್ಕೋತಾರೆ. ಅದಕ್ಕೊಂದು ಆಂಪೇರ್. ಎರಡು ಫೋನು ಚಾರ್ಜಿಗೆ, ಒಂದು ಮನೆಯದು, ಒಂದು ಟ್ರಿಪ್ ಬರೋದು. ಅದಕ್ಕೆರಡು. ಸಣ್ಣದಾಗಿ ರೇಡಿಯೋ. ಆ ಐದೂವರೆ ಗಂಟೆಯಲ್ಲಿ ಹೆಚ್ಚುಕಮ್ಮಿ ಇಪ್ಪತ್ತು ಎಎಚ್ ಹೋಗುತ್ತೆ. ನಿನ್ನ ಕ್ಯಾಮೆರಾ ಒಂದು ವಾರಾಂತ್ಯಕ್ಕೆ ಖರ್ಚು ಮಾಡೋದನ್ನ ಅವರು ಒಂದು ರಾತ್ರಿಗೆ ಖರ್ಚು ಮಾಡ್ತಾರೆ, ದಿನಾ. ನಾಲ್ಕೂವರೆಗೆ ಸೆಲ್ಫ್ ಹೊಡೆಯಲ್ಲ. ಪಿಕಪ್ ತಪ್ಪಿದರೆ ದಂಡ. ಆ ಹೊತ್ತಿನಲ್ಲಿ ಜಂಪ್ ಕೇಬಲ್ ಹಿಡಿದುಕೊಂಡು ಪಕ್ಕದ ಗಾಡಿಯವನನ್ನ ಎಬ್ಬಿಸ್ತಾರೆ.

ಮಗಳು: ಅವರ ಗಾಡಿಯಲ್ಲಿ ಜಿಪಿಎಸ್, ಪ್ಯಾನಿಕ್ ಬಟನ್ ಕೂಡ ಇರುತ್ತಲ್ಲ.

ಚಿಕ್ಕಪ್ಪ: ಎಐಎಸ್-140 ಸಾಧನ. 2019ರ ಜನವರಿಯಿಂದ ನೋಂದಣಿಯಾದ ಹಳದಿ ಬೋರ್ಡ್ ಕ್ಯಾಬ್‌ಗಳಿಗೆ ಅದು ಕಡ್ಡಾಯವಾಯ್ತು. ಅದು ತಗೊಳ್ಳೋದು ತುಂಬಾ ಕಮ್ಮಿ, ಒಳಗೇ ಒಂದು ಚಿಕ್ಕ ಬ್ಯಾಟರಿಯೂ ಇರುತ್ತೆ. ಅದರ ಬಗ್ಗೆ ನನ್ನ ದೂರಿಲ್ಲ. ಹೆಣ್ಣುಮಕ್ಕಳು ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗೋ ಗಾಡಿಯಲ್ಲಿ ಅದು ಇರಲೇಬೇಕು. ನಾನು ಕ್ಯಾಬ್‌ನವರಿಗೆ ಹೇಳೋದು ಎರಡೇ ಮಾತು. ಬ್ಯಾಟರಿ ಕೂರೋ ತಟ್ಟೆಯಲ್ಲಿ ಜಾಗ ಇದ್ದರೆ 45 ಎಎಚ್ ಹಾಕ್ಸು. ಫೋನನ್ನ ಕಾರಿನ ಬ್ಯಾಟರಿಗೆ ಹಾಕಬೇಡ, ಪವರ್‌ಬ್ಯಾಂಕ್ ಇಟ್ಟುಕೋ, ಗಾಡಿ ಓಡುವಾಗ ಅದನ್ನ ಚಾರ್ಜ್ ಮಾಡ್ಕೋ. ಇಪ್ಪತ್ತು ಸಾವಿರ ಮಿಲಿ ಆಂಪೇರ್ ಅವರಿನ ಪವರ್‌ಬ್ಯಾಂಕಿನಲ್ಲಿ 74 ವ್ಯಾಟ್ ಅವರ್ ಇರುತ್ತೆ. ಕಾರಿನ 12 ವೋಲ್ಟಿನ ಲೆಕ್ಕದಲ್ಲಿ ಆರು ಎಎಚ್. ಆ ಆರು ಉಳಿದರೆ ಬೆಳಗಿನ ಜಾವ ಎಂಜಿನ್ ತಿರುಗುತ್ತೆ. ಟೆಕ್ ಪಾರ್ಕುಗಳು ಚಾಲಕರಿಗೆ ಒಂದು ಕೋಣೆ, ನಾಲ್ಕು ಮಂಚ, ಎರಡು ಫ್ಯಾನು, ಹತ್ತು ಪ್ಲಗ್ ಪಾಯಿಂಟ್ ಕೊಟ್ಟರೆ ಅರ್ಧ ಬ್ಯಾಟರಿಗಳ ಆಯಸ್ಸು ಹೆಚ್ಚುತ್ತೆ. ಚಾಲಕರ ಆಯಸ್ಸೂ.

ಮಗಳು: ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಹೋಗಬಾರದು ಅಂತ ಎಲ್ಲರೂ ಹೇಳ್ತಾರೆ. ಸ್ಟಾರ್ಟ್ ಮಾಡೋಕೆ ಅಷ್ಟೊಂದು ಬೇಕಾ?

ಚಿಕ್ಕಪ್ಪ: ಸ್ಟಾರ್ಟ್ ಮಾಡೋಕೆ ಬೇಕಿರೋದು ಚಿಟಿಕೆಯಷ್ಟು. ಸ್ಟಾರ್ಟರ್ 150 ಆಂಪೇರ್ ಎಳೆದರೂ ಎರಡು ಸೆಕೆಂಡು. ಒಂದು ಎಎಚ್‌ನ ಹತ್ತನೇ ಒಂದು ಭಾಗವೂ ಆಗಲ್ಲ. ಆದರೆ ಅಷ್ಟನ್ನೂ ಒಂದೇ ಏಟಿಗೆ ಕೊಡಬೇಕಲ್ಲ. ಖಾಲಿಯಾದ ಬ್ಯಾಟರಿಗೆ ಆ ತಾಕತ್ತು ಇರಲ್ಲ, ವೋಲ್ಟೇಜ್ ಕುಸಿಯುತ್ತೆ. ಇನ್ನೊಂದು ಕಾರಣ ಮುಖ್ಯವಾದದ್ದು. ಕಾರಿನ ಬ್ಯಾಟರಿಯ ಪ್ಲೇಟುಗಳು ತೆಳು, ಒಂದೇಟಿಗೆ ಕೊಡೋಕೆ ಮಾಡಿದ್ದು. ಮನೆಯ ಇನ್ವರ್ಟರ್ ಬ್ಯಾಟರಿ ಬೇರೆ ಜಾತಿ, ನಿಧಾನಕ್ಕೆ ಖಾಲಿಯಾಗಿ ನಿಧಾನಕ್ಕೆ ತುಂಬೋದು. ಕಾರಿನದನ್ನ ಪದೇ ಪದೇ ತಳ ಕಾಣಿಸಿದರೆ, ಅಥವಾ ಅರ್ಧ ಖಾಲಿಯಲ್ಲೇ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯಲ್ಲ. 2020ರ ಲಾಕ್‌ಡೌನಿನಲ್ಲಿ ನಿಂತೇ ಇದ್ದ ಗಾಡಿಗಳಲ್ಲಿ ಆದದ್ದು ಅದೇ. ಕಂಪನಿಗಳು ತೆರೆದ ಮೇಲೆ ಬೇಸ್‌ಮೆಂಟಿನಿಂದ ಒಂದೊಂದೇ ಗಾಡಿ ಹೊರಬಂದಾಗ ನಾವು ಬ್ಯಾಟರಿ ಬದಲಿಸಿದ್ದೇ ಬದಲಿಸಿದ್ದು.

ಮಗಳು: ಎಷ್ಟು ಉಳಿದಿದೆ ಅಂತ ನಾನು ಹೇಗೆ ತಿಳಕೊಳ್ಳಲಿ?

ಚಿಕ್ಕಪ್ಪ: ಒಂದು ಮಲ್ಟಿಮೀಟರ್ ಸಾಕು, ದುಬಾರಿ ಬೇಡ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ತೆಗೆದು ನೋಡು. 12.6, 12.7 ಇದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅರ್ಧ. 12 ಅಂದರೆ ಕಾಲು. 11.8 ಅಂದರೆ ಮುಗೀತು. ನಿನ್ನ ಕ್ಯಾಮೆರಾದ ವೈರಿಂಗ್ ಕಿಟ್‌ನಲ್ಲಿ ಕಟ್-ಆಫ್ ಅಂತ ಒಂದು ಸ್ವಿಚ್ ಇರಬೇಕು. ಅದು ಎಷ್ಟಕ್ಕಿದೆ ನೋಡಿದ್ದೀಯಾ?

ಮಗಳು: 11.8ಕ್ಕಿದೆ. ಡಬ್ಬಿಯಿಂದ ತೆಗೆದಾಗ ಹಾಗೇ ಇತ್ತು.

ಚಿಕ್ಕಪ್ಪ: ನೋಡು. ಬ್ಯಾಟರಿ ಸತ್ತ ಮೇಲೆ ನಿಲ್ಲೋ ಕಟ್-ಆಫ್ ಅದು. ಅದನ್ನ 12.4ಕ್ಕೆ ಏರಿಸು. ನಿಮ್ಮ ಬೇಸ್‌ಮೆಂಟಿನಲ್ಲಿ ಗೇಟಿದೆ, ಕಾವಲಿದೆ, ಸಿಸಿಟಿವಿ ಇದೆ; ಅಲ್ಲಿ ಕ್ಯಾಮೆರಾ ಬೇಕೇ ಬೇಕಾ ಅಂತಲೂ ಯೋಚಿಸು. ರಸ್ತೆ ಬದಿ ನಿಲ್ಲಿಸೋರಿಗೆ ಬೇಕು, ಸರಿ. ಅಂಥವರಿಗೆ ಕ್ಯಾಮೆರಾಕ್ಕೇ ಅಂತ ಬೇರೆ ಲಿಥಿಯಂ ಪ್ಯಾಕ್ ಸಿಗುತ್ತೆ, ಗಾಡಿ ಓಡುವಾಗ ತುಂಬಿಕೊಂಡು ರಾತ್ರಿ ಅದೇ ಕೊಡುತ್ತೆ, ಕಾರಿನ ಬ್ಯಾಟರಿ ಮುಟ್ಟಲ್ಲ.

ಮಗಳು: ಸರಿ, ಕ್ಯಾಮೆರಾ ಬಂದೋಬಸ್ತ್ ಆಯ್ತು. ಈಗಿನ ಬ್ಯಾಟರಿ ಹೇಗೂ ಹೋಗಿದೆ, ಹೊಸದು ತಗೊಳ್ಳಲೇಬೇಕು. ಯಾವುದು?

ಚಿಕ್ಕಪ್ಪ: ಈಗಿನದರ ಮೇಲೆ ಏನು ಬರೆದಿದೆ ಓದು.

ಮಗಳು: 38ಬಿ20ಎಲ್.

ಚಿಕ್ಕಪ್ಪ: ಅದು ಜಪಾನಿನವರ ಬರವಣಿಗೆ. 38 ಅನ್ನೋದು ಶಕ್ತಿಯ ದರ್ಜೆ, ಎಎಚ್ ಅಲ್ಲ. ತುಂಬಾ ಜನ ಅಲ್ಲೇ ಏಮಾರೋದು. ಬಿ ಅಂದರೆ ಪೆಟ್ಟಿಗೆಯ ಅಗಲ, ಎತ್ತರದ ಜಾತಿ. 20 ಅಂದರೆ ಉದ್ದ, ಸೆಂಟಿಮೀಟರಿನಲ್ಲಿ. ಕೊನೆಯ ಎಲ್ ಟರ್ಮಿನಲ್ ಯಾವ ಕಡೆ ಅಂತ. ಎಲ್ ಬದಲು ಆರ್ ತಂದರೆ ಕೇಬಲ್ ಎಟುಕಲ್ಲ, ಎಳೆದು ಕಟ್ಟಿದರೆ ಒಂದು ದಿನ ಬಾನೆಟ್ಟಿಗೆ ತಾಗಿ ಶಾರ್ಟ್ ಆಗುತ್ತೆ. ನಿನಗೆ ಇದರ ಮೇಲಿನದು 55ಬಿ24ಎಲ್. ಅದು 45 ಎಎಚ್. ಅಗಲ ಅದೇ, ಉದ್ದ ನಾಲ್ಕು ಸೆಂಟಿಮೀಟರ್ ಹೆಚ್ಚು. ತಟ್ಟೆಯಲ್ಲಿ ಅಷ್ಟು ಜಾಗ ಇದೆಯಾ, ಕ್ಲಾಂಪ್ ಹಿಡಿಯುತ್ತಾ ನೋಡಬೇಕು. ಕೊನೆಯಲ್ಲಿ ಎಲ್‌ಎಸ್ ಅಂತಿದ್ದರೆ ದಪ್ಪ ಟರ್ಮಿನಲ್, ನಿನ್ನ ಕೇಬಲ್ಲಿನ ತಲೆ ಅದಕ್ಕೆ ಕೂರಲ್ಲ. 65ರದ್ದು ಬೇರೆ ಪೆಟ್ಟಿಗೆಯೇ. ನಿನ್ನ ಗಾಡಿಯಲ್ಲಿ ಅದನ್ನ ಕೂರಿಸಬೇಕಾದರೆ ತಟ್ಟೆ ಕತ್ತರಿಸಿ ಹಗ್ಗ ಕಟ್ಟಿ ನಿಲ್ಲಿಸಬೇಕು. ಅಲ್ಲಾಡೋ ಬ್ಯಾಟರಿಯ ಪ್ಲೇಟು ನಮ್ಮ ಹೊಂಡಗಳಲ್ಲಿ ಉದುರಿಹೋಗುತ್ತೆ.

ಮಗಳು: ಪಟ್ಟಿಯಲ್ಲಿ ಸಿಸಿಎ ಅಂತ ಇನ್ನೊಂದು ಸಂಖ್ಯೆ ಇರುತ್ತಲ್ಲ, ಅದು ಹೆಚ್ಚಿದ್ದಷ್ಟೂ ಒಳ್ಳೇದಾ?

ಚಿಕ್ಕಪ್ಪ: ಅದು ಮೈನಸ್ 18 ಡಿಗ್ರಿ ಚಳಿಯಲ್ಲಿ ಮೂವತ್ತು ಸೆಕೆಂಡು ಎಷ್ಟು ಆಂಪೇರ್ ಕೊಡುತ್ತೆ ಅನ್ನೋ ಪರೀಕ್ಷೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಮ್ಮಿ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕೊಳ್ಳುವಾಗ ಆ ಸಂಖ್ಯೆ ಹಿಂದೆ ಓಡೋ ಅಗತ್ಯ ನಮಗಿಲ್ಲ. ಹಳೇ ಬ್ಯಾಟರಿ ಎಷ್ಟು ಸವೆದಿದೆ ಅಂತ ಟೆಸ್ಟರ್ ಹಿಡಿದು ನೋಡುವಾಗ ಅದು ಉಪಯೋಗಕ್ಕೆ ಬರುತ್ತೆ, ಮೇಲೆ ಬರೆದದ್ದಕ್ಕೂ ಮೀಟರ್ ತೋರಿಸೋದಕ್ಕೂ ಎಷ್ಟು ಅಂತರ ಅಂತ. ನಮಗೆ ಬೇಕಿರೋದು ರಿಸರ್ವ್ ಕೆಪ್ಯಾಸಿಟಿ. ಡೈನಮೋ ಕೈಕೊಟ್ಟಾಗ 25 ಆಂಪೇರ್ ಖರ್ಚಿನಲ್ಲಿ ಎಷ್ಟು ನಿಮಿಷ ತಡೆಯುತ್ತೆ ಅನ್ನೋದು. ಎಎಚ್ ಅಳೆಯೋದು ಇಪ್ಪತ್ತು ಗಂಟೆಗೆ ಹಂಚಿ. 35 ಎಎಚ್ ಅಂದರೆ 1.75 ಆಂಪೇರಿನಂತೆ ಇಪ್ಪತ್ತು ಗಂಟೆ. ಅದೇ ಬ್ಯಾಟರಿಯಿಂದ 25 ಆಂಪೇರ್ ಎಳೆದರೆ ಒಂದು ಗಂಟೆಯೂ ಬರಲ್ಲ.

ಮಗಳು: ಹಾಗಾದರೆ ಗಾಡಿ ನಿಲ್ಲಿಸಿ ಹಾಡು ಕೇಳೋದು?

ಚಿಕ್ಕಪ್ಪ: 240 ವ್ಯಾಟ್ ಪೂರ್ತಿ ಏರಿಸಿ ಯಾರೂ ಕೇಳಲ್ಲ. ಹಾಡಿನಲ್ಲಿ ಏರಿಳಿತ ಇರುತ್ತೆ, ಸರಾಸರಿ ಆರೇಳು ಆಂಪೇರ್ ಆಗಬಹುದು. ಅರ್ಧ ಗಂಟೆ ಕೇಳು, ಅಡ್ಡಿ ಇಲ್ಲ. ನಂದಿ ಬೆಟ್ಟದ ಕೆಳಗೆ ನಿಲ್ಲಿಸಿಕೊಂಡು ಮೂರು ಗಂಟೆ ಕೇಳಬೇಡ. ಆಂಪ್ಲಿಫೈಯರ್ ವಿಷಯದಲ್ಲಿ ನನ್ನ ಚಿಂತೆ ಬ್ಯಾಟರಿಗಿಂತ ವೈರಿನದು. ಬ್ಯಾಟರಿಯಿಂದ ಹೊರಟ ಪಾಸಿಟಿವ್ ವೈರಿಗೆ ಫ್ಯೂಸ್ ಎಲ್ಲಿ ಹಾಕಿದ್ದಾರೆ?

ಮಗಳು: ಆಂಪ್ಲಿಫೈಯರ್ ಹತ್ತಿರ, ಡಿಕ್ಕಿಯಲ್ಲಿ.

ಚಿಕ್ಕಪ್ಪ: ಆ ಕೆಲಸ ಇವತ್ತೇ ಸರಿ ಮಾಡಿಕೊಡ್ತೀನಿ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ವೈರು ಬಾನೆಟ್ಟಿನಿಂದ ತಗಡಿನ ತೂತಿನ ಮೂಲಕ ಒಳಗೆ ಹೋಗುತ್ತೆ. ಅಲ್ಲಿ ಸಿಪ್ಪೆ ಸವೆದು ಬಾಡಿಗೆ ತಾಗಿದರೆ ಡಿಕ್ಕಿಯಲ್ಲಿರೋ ಫ್ಯೂಸ್ ಏನೂ ಮಾಡಲ್ಲ, ಬ್ಯಾಟರಿಯಿಂದ ಅಲ್ಲಿವರೆಗಿನ ವೈರು ಹತ್ತಿ ಉರಿಯುತ್ತೆ. ಜೆ.ಸಿ. ರಸ್ತೆಯಲ್ಲಿ ಒಳ್ಳೊಳ್ಳೆ ಕೆಲಸಗಾರರಿದ್ದಾರೆ. ಆದರೆ ಬೇಗ ಮುಗಿಸಿಕೊಡಿ ಅಂತ ನಾವೇ ಅವಸರ ಮಾಡ್ತೀವಿ, ಅವರೂ ಬೇಗ ಮುಗಿಸಿಕೊಡ್ತಾರೆ. ಇನ್ನೊಂದು ವಿಷಯ. ಈಚಿನ ಕೆಲವು ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ಚಿಕ್ಕ ಸೆನ್ಸರ್ ಕೂತಿರುತ್ತೆ, ಒಳಗೆ ಹೋದದ್ದು ಹೊರಗೆ ಬಂದದ್ದು ಎಣಿಸೋಕೆ. ಅಂಥದ್ದಿದ್ದರೆ ಹೊಸ ಉಪಕರಣದ ಅರ್ತ್ ಅನ್ನ ಟರ್ಮಿನಲ್ಲಿಗೇ ಕಟ್ಟಬಾರದು, ಬಾಡಿಗೆ ಕೊಡಬೇಕು. ಟರ್ಮಿನಲ್ಲಿಗೆ ಕಟ್ಟಿದರೆ ಆ ಖರ್ಚು ಸೆನ್ಸರಿಗೆ ಕಾಣಲ್ಲ, ಕಂಪ್ಯೂಟರ್ ಬ್ಯಾಟರಿ ತುಂಬಿದೆ ಅಂದುಕೊಂಡು ಚಾರ್ಜ್ ಕಮ್ಮಿ ಮಾಡುತ್ತೆ.

ಮಗಳು: ಫಾಗ್ ಲ್ಯಾಂಪ್?

ಚಿಕ್ಕಪ್ಪ: ಗಾಡಿಯ ಬಂಪರಿನಲ್ಲಿ ಅದಕ್ಕೆ ಕಂಪನಿಯೇ ಜಾಗ ಬಿಟ್ಟಿದ್ದರೆ ರಿಲೇ ಹಾಕಿ ಕೂರಿಸೋಣ. ಹ್ಯಾಲೊಜನ್ ಆದರೆ ಎರಡಕ್ಕೆ ಎಂಟೊಂಬತ್ತು ಆಂಪೇರ್, ಎಲ್‌ಇಡಿ ಆದರೆ ಅದರ ಮೂರನೇ ಒಂದು ಭಾಗ. ಆದರೆ ಹೆಡ್‌ಲೈಟಿನ ಹ್ಯಾಲೊಜನ್ ಗೂಡಿಗೆ ಎಲ್‌ಇಡಿ ಬಲ್ಬ್ ತುರುಕೋದು, ಮೇಲೆ ಲೈಟ್ ಬಾರ್ ಕಟ್ಟೋದು ನಾನು ಮಾಡಲ್ಲ. ಎದುರಿಗೆ ಬರೋ ಬೈಕಿನವನಿಗೆ ರಸ್ತೆ ಕಾಣಲ್ಲ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಕಣ್ಣು ಕುಕ್ಕೋ ದೀಪಗಳ ಮೇಲೆ ಕೇಸ್ ಹಾಕೋಕೆ ಶುರು ಮಾಡಿದರು, ಅದು ಆಗಬೇಕಾದ್ದೇ.

ಮಗಳು: ನನ್ನ ಸಹೋದ್ಯೋಗಿಯೊಬ್ಬರ ಕಾರು ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುತ್ತೆ. ಅವರಿಗೆ ಎಜಿಎಂ ಬ್ಯಾಟರಿನೇ ಬೇಕು ಅಂದರಂತೆ. ನಾನೂ ಅದನ್ನೇ ಹಾಕಿಸಿದರೆ?

ಚಿಕ್ಕಪ್ಪ: ಅವರದ್ದು ಬೇರೆ ಕಥೆ. ಅಂಥ ಗಾಡಿಗೆ ಇಎಫ್‌ಬಿಯೋ ಎಜಿಎಮ್ಮೋ ಯಾವುದು ಬಂದಿತ್ತೋ ಅದನ್ನೇ ಹಾಕಬೇಕು. ದುಡ್ಡು ಉಳಿಸೋಕೆ ಮಾಮೂಲಿ ಬ್ಯಾಟರಿ ಹಾಕಿದರೆ ಬೇಗ ಕೈಕೊಡುತ್ತೆ. ನಿನ್ನ ಗಾಡಿಗೆ ಎಜಿಎಂ ಹಾಕಬಹುದು, ಆಳವಾಗಿ ಖಾಲಿಯಾದರೂ ತಡಕೊಳ್ಳುತ್ತೆ, ಬೇಗ ತುಂಬಿಕೊಳ್ಳುತ್ತೆ. ಆದರೆ ಬೆಲೆ ಬಹಳ ಹೆಚ್ಚು, ಶಾಖಕ್ಕೆ ಹೆದರುತ್ತೆ. ನಮ್ಮೂರಿನ ಹವಾ ತಂಪು, ಕಲಬುರಗಿ ರಾಯಚೂರಿನವರಷ್ಟು ಬ್ಯಾಟರಿ ಬೇಯಲ್ಲ. ಸುಮಾರು ಹತ್ತು ಡಿಗ್ರಿ ಶಾಖ ಏರಿದರೆ ಆಯಸ್ಸು ಅರ್ಧ ಆಗುತ್ತೆ ಅನ್ನೋ ಲೆಕ್ಕದಲ್ಲಿ ನಾವು ಅದೃಷ್ಟವಂತರು. ಆದರೂ ಸಿಲ್ಕ್ ಬೋರ್ಡಿನಲ್ಲಿ ನಿಂತ ಗಾಡಿಯ ಬಾನೆಟ್ಟಿನೊಳಗೆ ಗಾಳಿ ಆಡಲ್ಲ. ನಿನ್ನ ಬ್ಯಾಟರಿ ಎಂಜಿನ್ ಪಕ್ಕದಲ್ಲೇ ಇದೆ. ಅದಕ್ಕೆ ಮಾಮೂಲಿ 45 ಸಾಕು. ನಿಜವಾಗಿ ರಾತ್ರಿಯೆಲ್ಲ ಕರೆಂಟ್ ಬೇಕಿರೋದು ಡಿಕ್ಕಿಯಲ್ಲಿ ಫ್ರಿಜ್ ಇಟ್ಟುಕೊಂಡು ಕೊಡಗು ಸುತ್ತೋರಿಗೆ. ಅಂಥವರಿಗೆ ನಾನು ಎರಡನೇ ಬ್ಯಾಟರಿ ಬೇರೆಯಾಗಿ ಕೂರಿಸ್ತೀನಿ. ಅದು ಪೂರ್ತಿ ಖಾಲಿಯಾದರೂ ಸ್ಟಾರ್ಟ್ ಮಾಡೋ ಬ್ಯಾಟರಿ ಮುಟ್ಟಬಾರದು.

ಮಗಳು: ಸರಿ, 45ಕ್ಕೆ ಹೇಳಿಬಿಡಿ. ಅಂಗಡಿಯಲ್ಲಿ ಏನೇನು ನೋಡಬೇಕು?

ಚಿಕ್ಕಪ್ಪ: ತಯಾರಾದ ತಿಂಗಳು. ಆರು ತಿಂಗಳಿಂದ ಷೆಲ್ಫಿನಲ್ಲಿ ಕೂತದ್ದು ಬೇಡ, ತಾನಾಗಿಯೇ ಖಾಲಿಯಾಗಿರುತ್ತೆ. ನಿನ್ನೆದುರೇ ಮೀಟರ್ ಹಿಡಿಯಲಿ, 12.4ಕ್ಕಿಂತ ಕೆಳಗಿದ್ದರೆ ಬೇರೆ ತೆಗೆಸು. ವಾರಂಟಿ ಕಾರ್ಡ್ ಸರಿಯಾಗಿ ಓದು. 18 ಕೂಡಿಸು 18 ಅಂತ ಬರೆದಿದ್ದರೆ ಮೊದಲ ಹದಿನೆಂಟು ತಿಂಗಳು ಮಾತ್ರ ಉಚಿತವಾಗಿ ಬದಲಿಸಿಕೊಡ್ತಾರೆ, ಆಮೇಲೆ ಪ್ರೊ-ರೇಟಾ, ಹೊಸದರ ಬೆಲೆಯಲ್ಲಿ ಒಂದಿಷ್ಟು ಬಿಡ್ತಾರೆ ಅಷ್ಟೆ. ಮತ್ತೆ ಹಳೇ ಬ್ಯಾಟರಿ ಅಂಗಡಿಯಲ್ಲೇ ಕೊಟ್ಟು ಬಾ. ಗುಜರಿಯವನು ನೂರು ರೂಪಾಯಿ ಹೆಚ್ಚು ಕೊಡ್ತೀನಿ ಅಂದರೂ ಕೊಡಬೇಡ.

ಮಗಳು: ನೂರು ರೂಪಾಯಿಗೆ ಅಷ್ಟೊಂದು ಗಟ್ಟಿಯಾಗಿ ಹೇಳ್ತಿದ್ದೀರಲ್ಲ?

ಚಿಕ್ಕಪ್ಪ: ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಬಯಲಲ್ಲಿ ಒಡೆದು, ಆಸಿಡ್ ಮೋರಿಗೆ ಸುರಿದು, ಬಾಣಲೆಯಲ್ಲಿ ಸೀಸ ಕರಗಿಸೋರು ಇದ್ದಾರೆ. ಆ ಹೊಗೆ, ಆ ಮಣ್ಣು ಪಕ್ಕದ ಮನೆಯ ಮಕ್ಕಳ ರಕ್ತಕ್ಕೆ ಹೋಗುತ್ತೆ. ಕೋರಮಂಗಲದ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅಂತ ಪ್ರೊಫೆಸರ್ ಇದ್ದರು. ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ದೇಶದ ಹಲವು ನಗರಗಳಲ್ಲಿ ಅಳೆದ ತಂಡದಲ್ಲಿದ್ದವರು. 1999ರಲ್ಲಿ ಆ ತಂಡ ಹೊರಗಿಟ್ಟ ಲೆಕ್ಕದಲ್ಲಿ ಹನ್ನೆರಡು ವರ್ಷದೊಳಗಿನ ಅರ್ಧದಷ್ಟು ಮಕ್ಕಳಲ್ಲಿ ಸೀಸ ಮಿತಿ ಮೀರಿತ್ತು. ಆಗ ಪೆಟ್ರೋಲಿನಲ್ಲೂ ಸೀಸ ಇತ್ತು. 2000ದಲ್ಲಿ ಅದು ಹೋಯಿತು. ಬ್ಯಾಟರಿಯ ಸೀಸ ಹೋಗಿಲ್ಲ. 2022ರಲ್ಲಿ ಬ್ಯಾಟರಿ ತ್ಯಾಜ್ಯಕ್ಕೆ ಹೊಸ ನಿಯಮ ಬಂದು, ಹಳೆಯದನ್ನ ವಾಪಸ್ ಪಡೆದು ಸರಿಯಾದ ಕಡೆ ಕರಗಿಸೋ ಹೊಣೆ ತಯಾರಕರ ಮೇಲೆ ಬಿತ್ತು. ಆದರೆ ಬ್ಯಾಟರಿ ಆ ದಾರಿ ಹಿಡಿಯಬೇಕಾದರೆ ನೀನು ಅಂಗಡಿಗೆ ಕೊಡಬೇಕು. ನಾನು ಇಷ್ಟು ಹೊತ್ತು ಚಿಕ್ಕ ಬ್ಯಾಟರಿ ಸಾಕು, ಇರೋದನ್ನ ಉಳಿಸಿಕೋ ಅಂತ ಹೇಳ್ತಿರೋದಕ್ಕೆ ಇದೂ ಒಂದು ಕಾರಣ. ವರ್ಷಕ್ಕೊಂದು ಬ್ಯಾಟರಿ ಸಾಯಿಸಿದರೆ ಅಷ್ಟೂ ಸೀಸ ಎಲ್ಲೋ ಒಂದು ಕಡೆ ಕರಗಲೇಬೇಕು.

ಮಗಳು: ಅಂಗಡಿಯಲ್ಲೇ ಕೊಡ್ತೀನಿ. ರಸೀದಿಯನ್ನೂ ತಗೋತೀನಿ.

ಚಿಕ್ಕಪ್ಪ: ತಗೊಂಡು ನೇರ ಇಲ್ಲಿಗೆ ಬಾ, ಕೂರಿಸೋಣ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್, ಇಷ್ಟು ನೀನೂ ಕಲಿತುಕೋ. ಎಲ್ಲ ಮುಗಿದ ಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು, ಎಸಿ, ಹೆಡ್‌ಲೈಟ್, ಹಾಡು ಎಲ್ಲ ಹಾಕಿ ಮೀಟರ್ ನೋಡ್ತೀನಿ. 13.5ರ ಮೇಲಿದ್ದರೆ ಚಿಂತೆ ಇಲ್ಲ. 13ರ ಕೆಳಗೆ ಇಳಿದರೆ ಫಾಗ್ ಲ್ಯಾಂಪಿನ ಆಸೆ ಬಿಡಬೇಕು. ಆಮೇಲೆ ಎಲ್ಲ ಆಫ್ ಮಾಡಿ, ಬೀಗ ಹಾಕಿ, ಒಂದು ಗಂಟೆ ಬಿಟ್ಟು ನೆಗೆಟಿವ್ ಕೇಬಲ್ಲಿಗೆ ಸಣ್ಣ ಕರೆಂಟ್ ಅಳೆಯೋ ಡಿಸಿ ಕ್ಲಾಂಪ್ ಮೀಟರ್ ಹಾಕೋಣ, ನಿಂತ ಗಾಡಿ ಎಷ್ಟು ಹೀರುತ್ತೆ ಅಂತ. ಅಷ್ಟು ಹೊತ್ತು ಮನೆಗೆ ಹೋಗಿ ಊಟ ಮಾಡಿ ಬರಬಹುದು, ನಿಮ್ಮ ಚಿಕ್ಕಮ್ಮ ಕಾಯ್ತಿರ್ತಾಳೆ. ಮುಂದಿನ ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ವೋಲ್ಟೇಜ್ ನೋಡಿ ನನಗೆ ವಾಟ್ಸ್‌ಆಪ್ ಮಾಡು. 12.4ಕ್ಕಿಂತ ಕಮ್ಮಿ ಬಂದರೆ ಕ್ಯಾಮೆರಾದ ಆ ವೈರನ್ನ ಕೀ ಆಫ್ ಆದಾಗ ಆಫ್ ಆಗೋ ಫ್ಯೂಸಿಗೆ ಬದಲಿಸಿಬಿಡೋಣ.